ಇನೋಕಾಳ ಬಟ್ಟೆಗೆ ಇಸ್ತ್ರಿ ಹಾಕುವವರು ಯಾರು

ಕುಲಿಯಾಪಿಟಿಯ,
ಸೋಮವಾರ, 8-7-1996

ಪ್ರೀತಿಯ ಶ್ರಿಯಾಲತಾ,

ಹೇಗಿದ್ದೀಯ? ಮಣಿಕಟ್ಟಿನ ಊತ ಇಳಿಯಿತೇ? ಬಲಗೈ ಎತ್ತಿದರೆ ಭುಜದವರೆಗೂ ಸೆಳೆಯುತ್ತದೆ ಎಂದು ಕಳೆದ ಪತ್ರದಲ್ಲಿ ನೀನು ಬರೆದಿದ್ದೆ. ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚಿಕೋ, ಅಲ್ಲಿ ಅದು ಸಿಗದಿದ್ದರೆ ಬೇರೆ ಯಾವ ಎಣ್ಣೆಯಾದರೂ ಆದೀತು. ಅಡುಗೆಮನೆಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತುಕೊಂಡೇ ಮನೆಯವರೆಲ್ಲರ ಉದ್ದನೆಯ ಬಿಳಿ ಅಂಗಿಗಳಿಗೆ ಇಸ್ತ್ರಿ ಹಾಕಬೇಕು ಎಂದಿದ್ದೆಯಲ್ಲ, ಒಂದು ಸ್ಟೂಲನ್ನಾದರೂ ಕೊಟ್ಟರೇ? ನಾಚಿಕೆ ಬಿಟ್ಟು ಮೇಡಂ ಹತ್ತಿರ ಕೇಳು. ಊಟ ತಪ್ಪಿಸಬೇಡ. ನೀನು ಬರೀ ಬ್ರೆಡ್ಡು ಚಹಾದಲ್ಲಿ ದಿನ ದೂಡುವವಳು, ನನಗೆ ಗೊತ್ತು. ಕುವೈತಿನ ಬಿಸಿಲು ಈ ತಿಂಗಳಲ್ಲಿ ಕೆಟ್ಟದ್ದು ಎಂದು ಅಲ್ಲಿ ಕೆಲಸ ಮಾಡಿ ಬಂದ ಪನ್ನಲದ ಹೆಂಗಸು ಹೇಳಿದಳು. ಇಲ್ಲಿಯೂ ಮಳೆಯಿಲ್ಲ. ಜಲಾಶಯಗಳೆಲ್ಲ ಒಣಗಿವೆಯಂತೆ, ದಿನಕ್ಕೆ ಎಂಟು ಗಂಟೆ ಕರೆಂಟು ತೆಗೆಯುತ್ತಾರೆ. ನಮ್ಮ ತೆಂಗಿನ ನಾರಿನ ಮಿಲ್ಲು ಮೂರು ದಿನ ನಡೆದರೆ ನಾಲ್ಕು ದಿನ ಮುಚ್ಚಿರುತ್ತದೆ. ಆದ್ದರಿಂದ ನಾನು ಹೆಚ್ಚಾಗಿ ಮನೆಯಲ್ಲೇ ಇರುತ್ತೇನೆ. ಮಗಳೂ ನಾನೂ ಆರೋಗ್ಯವಾಗಿದ್ದೇವೆ. ಬಾವಿಯಲ್ಲಿ ಇನ್ನೂ ನೀರಿದೆ. ನೀನು ನೆಟ್ಟ ಬೇಲಿ ಪಕ್ಕದ ಬಾಳೆ ಗೊನೆ ಬಿಟ್ಟಿದೆ.

ಪತ್ರದ ಕೊನೆಗೆ ನೀನು ಒಂದು ಮಾತು ಕೇಳಿದ್ದೆ. ‘ದಿನವಿಡೀ ಬೇರೆಯವರ ಮಕ್ಕಳ ಬಟ್ಟೆಗೆ ಇಸ್ತ್ರಿ ಹಾಕುತ್ತೇನೆ, ನಮ್ಮ ಇನೋಕಾಳ ಯೂನಿಫಾರಂಗೆ ಯಾರು ಹಾಕುತ್ತಾರೆ, ನೀವು ಯಾವತ್ತೂ ಬರೆಯುವುದಿಲ್ಲ’ ಎಂದು. ಅದನ್ನು ಓದಿ ಮಡಚಿ ಇಟ್ಟೆ. ಉತ್ತರ ಬರೆಯಲು ಒಂದೂವರೆ ತಿಂಗಳಾಯಿತು. ಕೋಪವೇನೂ ಇಲ್ಲ. ಯಾಕೆ ತಡವಾಯಿತೋ ನನಗೂ ಸರಿಯಾಗಿ ಗೊತ್ತಿಲ್ಲ. ಈಗ ಎಲ್ಲವನ್ನೂ ಬರೆಯುತ್ತೇನೆ. ನಡುವೆ ಒಂದು ದೊಡ್ಡ ಸುದ್ದಿಯೂ ಇದೆ, ಕುಳಿತುಕೊಂಡು ಓದು. ಕೆಟ್ಟ ಸುದ್ದಿಯಲ್ಲ.

ನೀನು ಹೋದ ಹೊಸತರಲ್ಲಿ ನನ್ನ ಅಮ್ಮ ಇದ್ದಳಲ್ಲ. ಅಮ್ಮ ಇಸ್ತ್ರಿ ಹಾಕುತ್ತಿರಲಿಲ್ಲ. ಒಗೆದ ಫ್ರಾಕು ಸ್ವಲ್ಪ ಹಸಿಯಾಗಿರುವಾಗಲೇ ಹಲಗೆಯ ಮೇಲೆ ಹರಡಿ, ನೆರಿಗೆಗಳನ್ನು ಒಂದೊಂದಾಗಿ ಬೆರಳಿನಲ್ಲಿ ಕೂರಿಸಿ, ಹಳೆ ಪೇಪರಿನ ನಡುವೆ ಇಟ್ಟು ತನ್ನ ಹಾಸಿಗೆಯ ಕೆಳಗೆ ಹಾಕಿಕೊಂಡು ಮಲಗುತ್ತಿದ್ದಳು. ‘ನನ್ನ ಮೈ ಭಾರದ ಮುಂದೆ ನಿಮ್ಮ ಇಸ್ತ್ರಿಪೆಟ್ಟಿಗೆ ಯಾವ ಲೆಕ್ಕ?’ ಅನ್ನುತ್ತಿದ್ದಳು. ಬೆಳಿಗ್ಗೆ ತೆಗೆದರೆ ಫ್ರಾಕು ನಿಜಕ್ಕೂ ನೆಟ್ಟಗಿರುತ್ತಿತ್ತು. ಹೋದ ವರ್ಷ ಅಮ್ಮ ತೀರಿಕೊಂಡ ಮೇಲೆ ನಾನೂ ಹಾಗೇ ಮಾಡಿ ನೋಡಿದೆ. ನನ್ನದು ನಾರಿನ ಹಾಸಿಗೆ, ನನಗೋ ಹೊರಳಾಡುವ ಅಭ್ಯಾಸ. ಬೆಳಿಗ್ಗೆ ಫ್ರಾಕಿನ ತುಂಬ ಗೆರೆ. ಆಮೇಲೆ ಹಿತ್ತಾಳೆ ಚೊಂಬಿಗೆ ಕುದಿಯುವ ನೀರು ಹಾಕಿ ಉಜ್ಜಿದೆ. ಒದ್ದೆ ಬಟ್ಟೆಯನ್ನು ಜೋರಾಗಿ ಕೊಡವಿ ತಂತಿಗೆ ಹಾಕಿ ಅಂಚಿಗೆ ಕಲ್ಲು ಕಟ್ಟಿದೆ. ನನಗೇನು, ಮನೆಯಲ್ಲಿ ಉಡುವ ಸಾರಂ ಪಂಚೆಗೆ ಇಸ್ತ್ರಿಯ ಗೊಡವೆಯಿಲ್ಲ, ಯಾರದಾದರೂ ಸಾವಿಗೆ ಹೋಗುವಾಗ ಬಿಳಿ ಅಂಗಿಯ ಕಾಲರನ್ನು ಮಾತ್ರ ನೆಟ್ಟಗೆ ಮಾಡಿಕೊಂಡರೆ ಆಯಿತು. ಅವಳದು ಹಾಗಲ್ಲವಲ್ಲ. ಸರ್ಕಾರ ಕೊಡುವ ಆ ಬಿಳಿ ಬಟ್ಟೆ ಕೂತು ಎದ್ದರೆ ಸಾಕು ಮುದುಡುತ್ತದೆ. ನೀನು ಕಳಿಸಿದ ಕರೆಂಟಿನ ಇಸ್ತ್ರಿಪೆಟ್ಟಿಗೆ ಬಂದು ತಲುಪಿತು ಎಂದು ಬರೆದಿದ್ದೆ, ಅದನ್ನು ಬಳಸಿದೆವು ಎಂದು ಬರೆಯಲಿಲ್ಲ. ಅದರ ಪ್ಲಗ್ಗು ಮೂರು ಚಪ್ಪಟೆ ಕಡ್ಡಿಯದು, ನಮ್ಮ ಗೋಡೆಯ ತೂತು ದುಂಡಗಿನದು. ಬೇರೆ ಪ್ಲಗ್ಗು ಹಾಕಿಸಿದೆ. ಆದರೆ ಕರೆಂಟು ಇರುವ ಹೊತ್ತಿನಲ್ಲೂ ಬಲ್ಬು ಬೀಡಿಯ ತುದಿಯಷ್ಟೇ ಕೆಂಪಗೆ ಉರಿಯುತ್ತದೆ. ಪೆಟ್ಟಿಗೆ ಬೆಚ್ಚಗೂ ಆಗಲಿಲ್ಲ. ಇನೋಕಾ ಅದನ್ನು ಒರೆಸಿ, ಡಬ್ಬದಲ್ಲಿಟ್ಟು, ಬೀರುವಿನಲ್ಲಿ ನಿನ್ನ ಸೀರೆಗಳ ಪಕ್ಕ ಇಟ್ಟಳು.

ಒಂದು ಬೆಳಿಗ್ಗೆ ಮಿಲ್ಲಿಗೆ ಹೋಗುವಾಗ ಅವಳ ಶಾಲೆಯ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿದ್ದೆ, ಚೈನು ಕಳಚಿತ್ತು. ಅವಳು ನನ್ನನ್ನು ನೋಡಲಿಲ್ಲ. ಗೇಟಿನ ಹೊರಗಿನ ನಲ್ಲಿಯಲ್ಲಿ ಕೈ ಒದ್ದೆ ಮಾಡಿಕೊಂಡು ಫ್ರಾಕಿನ ನೆರಿಗೆಗಳನ್ನು ಒತ್ತಿ ಒತ್ತಿ ಸರಿಮಾಡಿಕೊಳ್ಳುತ್ತಿದ್ದಳು. ಮುಂದೆ ಮಾಡಿಕೊಂಡಳು, ಹಿಂದೆ ಕೈ ತಲುಪಲಿಲ್ಲ. ಜೊತೆಯ ಹುಡುಗಿಗೆ ಬೆನ್ನು ತೋರಿಸಿ ‘ನೋಡೇ, ಹಿಂದೆ ಹೇಗಿದೆ?’ ಎಂದಳು. ಆ ಹುಡುಗಿ ‘ಹಸು ಅಗಿದ ಹಾಗಿದೆ’ ಎಂದಳು. ಇಬ್ಬರೂ ನಗುತ್ತ ಒಳಗೆ ಹೋದರು. ನಾನು ಚೈನು ಹಾಕಿಕೊಂಡು ಮಿಲ್ಲಿಗೆ ಹೋದೆ. ಸಂಜೆ ವಾಪಸು ಬರುವಾಗ ರೋಸಲಿನ್ ಮನೆಗೆ ಹೋದೆ.

ರೋಸಲಿನ್ ಊರಿನ ಬಟ್ಟೆ ಒಗೆಯುವುದನ್ನು ಬಿಟ್ಟು ನಾಲ್ಕು ವರ್ಷವಾಯಿತಲ್ಲ. ಮಗ ಗುಮಾಸ್ತನಾದ ಮೇಲೆ ಗಂಟು ಹೊರುವುದು ಬೇಡ ಅಂದನಂತೆ. ನನ್ನನ್ನು ಕಂಡದ್ದೇ ‘ನಾನು ಯಾರ ಬಟ್ಟೆಯನ್ನೂ ತಗೋಳಲ್ಲ ಮಹತ್ತಯಾ’ ಎಂದಳು. ಬಟ್ಟೆ ಕೊಡಲು ಬಂದಿಲ್ಲ, ಕಲಿಯಲು ಬಂದಿದ್ದೇನೆ ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ‘ಗಂಡಸರು ನಮ್ಮ ಮನೆಗೆ ಬಟ್ಟೆ ಕಳೆದು ಹೋಯ್ತು ಅಂತ ಜಗಳಕ್ಕೆ ಬರೋರು, ಪಾಠಕ್ಕೆ ಯಾರೂ ಬಂದಿಲ್ಲ’ ಎಂದಳು. ಆಮೇಲೆ ಅಟ್ಟದಿಂದ ಇದ್ದಿಲಿನ ಇಸ್ತ್ರಿಪೆಟ್ಟಿಗೆಯನ್ನು ಇಳಿಸಿ ಕೊಟ್ಟಳು. ಮುಚ್ಚಳದ ತುದಿಯಲ್ಲಿ ಹಿತ್ತಾಳೆಯ ಹುಂಜ ಇರುವಂಥದು. ತೆಂಗಿನ ಕರಟ ಸುಟ್ಟು ಕೆಂಡ ಮಾಡುವುದು, ಬೂದಿ ಊದಿ ತೆಗೆಯುವುದು, ನೀರು ಚಿಮುಕಿಸಿ ಸುತ್ತಿಡುವುದು, ಅಕ್ಕಿ ಗಂಜಿ ಎಷ್ಟು ತೆಳುವಿರಬೇಕು, ಬಾಳೆ ಎಲೆಯ ಮೇಲೆ ಪೆಟ್ಟಿಗೆಯನ್ನು ಒಮ್ಮೆ ಎಳೆದು ನಯ ಮಾಡಿಕೊಳ್ಳುವುದು, ಎಲ್ಲ ತೋರಿಸಿದಳು. ನಾನು ಮಿಲ್ಲಿನಲ್ಲಿ ನಾರಿನ ಕಂತೆ ಒತ್ತುವ ಹಾಗೆ ಒತ್ತುತ್ತಿದ್ದೆ. ‘ಬಟ್ಟೆ ಮೇಲೆ ಯಾಕೆ ಸಿಟ್ಟು? ಒತ್ತಬೇಡಿ. ಭಾರ ಅದರದ್ದೇ ಇದೆ, ನೀವು ದಾರಿ ತೋರಿಸಿದ್ರೆ ಸಾಕು’ ಎಂದಳು.

ಮೊದಲ ವಾರವೇ ಒಂದು ಫ್ರಾಕು ಸುಟ್ಟೆ. ನನ್ನ ಅಂಗೈ ನಿನಗೆ ಗೊತ್ತಲ್ಲ, ನಾರು ಹಿಂಜಿ ಹಿಂಜಿ ದನದ ಗೊರಸಿನ ಹಾಗಾಗಿದೆ. ಬಿಸಿ ಎಷ್ಟಿದೆ ಎಂದು ಮುಟ್ಟಿ ನೋಡಿದರೆ ತಿಳಿಯುವುದೇ ಇಲ್ಲ. ವಾಸನೆ ಬಂದಾಗಲೇ ಗೊತ್ತಾದದ್ದು. ಕೆಳಗಿನ ಅಂಚಿನ ಹತ್ತಿರ ಪೆಟ್ಟಿಗೆಯ ಮೂತಿಯಷ್ಟು ಕಂದು ಕಲೆ. ನಿಂಬೆಹಣ್ಣು ಉಪ್ಪು ತಿಕ್ಕಿ ಬಿಸಿಲಿಗೆ ಹಾಕಿದೆ, ಹಳದಿಯಾಗಿ ಉಳಿಯಿತು. ಇನೋಕಾ ಅದನ್ನು ನೋಡಿ ‘ಪರವಾಗಿಲ್ಲಪ್ಪಾ, ಕೂತಾಗ ಕಾಣಲ್ಲ’ ಎಂದಳು. ಆಮೇಲೆ ಸುಡಲಿಲ್ಲ. ನೀರು ಸಿಡಿಸಿ ಸದ್ದು ಕೇಳಿ ಬಿಸಿ ತಿಳಿದುಕೊಳ್ಳುವುದನ್ನು ಕಲಿತೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಮೇಜು ಹಾಕಿ, ಹಳೆ ಕಂಬಳಿ ಹಾಸಿ, ವಾರದ ಎರಡೂ ಫ್ರಾಕು, ಟೈ, ಸಾಕ್ಸು ಸಹ. ಅವಳು ಎದುರಿನ ಮೆಟ್ಟಿಲಲ್ಲಿ ಕುಳಿತು ಪಾಠ ಓದುತ್ತಿದ್ದಳು. ಇತಿಹಾಸದ ಪಾಠವೆಲ್ಲ ನನಗೂ ಬಾಯಿಪಾಠವಾಯಿತು. ದಾರಿಯಲ್ಲಿ ಹೋಗುವವರು ‘ಏನು ಜಿನದಾಸ, ಹೆಂಡತಿ ಕುವೈತಲ್ಲಿ ಇಸ್ತ್ರಿ, ನೀನು ಇಲ್ಲಿ ಇಸ್ತ್ರಿ, ಅಂಗಡಿನೇ ಇಡಬಾರದಾ?’ ಎನ್ನುತ್ತಿದ್ದರು. ಅಂದುಕೊಳ್ಳಲಿ. ಹತ್ತು ತಿಂಗಳು ಹಾಗೆ ನಡೆಯಿತು. ನಿನ್ನ ಪ್ರಶ್ನೆಗೆ ಉತ್ತರ ಇದೇ, ನಾನೇ ಹಾಕುತ್ತಿದ್ದೆ. ಬರೆಯಲು ನಾಚಿಕೆಯಾಗುತ್ತಿತ್ತು. ಈಗ ನಾಚಿಕೆಯೂ ಆಗುತ್ತಿಲ್ಲ.

ಸುದ್ದಿ ಏನೆಂದರೆ, ಜೂನ್ ಹತ್ತನೇ ತಾರೀಕು ನಮ್ಮ ಇನೋಕಾ ದೊಡ್ಡವಳಾದಳು. ಶಾಲೆಯಲ್ಲೇ. ಹನ್ನೊಂದು ಗಂಟೆಗೆ ಟೀಚರ್ ಒಬ್ಬರು ಅವಳನ್ನು ಕೊಡೆಯ ಕೆಳಗೆ ನಡೆಸಿಕೊಂಡು ಬಂದರು. ಮಿಲ್ಲು ಮುಚ್ಚಿತ್ತು, ನಾನು ಅಂಗಳದಲ್ಲಿ ಕರಟ ಒಡೆಯುತ್ತಿದ್ದೆ. ಟೀಚರ್ ನನ್ನನ್ನು ನೋಡಿ, ನನ್ನ ಹಿಂದೆ ಬಾಗಿಲನ್ನು ನೋಡಿ, ‘ಮನೆಯಲ್ಲಿ ಹೆಂಗಸರು ಯಾರೂ ಇಲ್ವಾ?’ ಎಂದರು. ಇಲ್ಲ ಎಂದೆ. ‘ಹಾಗಾದರೆ ನೀವು ಆ ಕಡೆ ತಿರುಗಿ, ಗಂಡಸರು ನೋಡಬಾರದು’ ಎಂದರು. ತಿರುಗಿ ನಿಂತೆ. ಮಗಳು ನನ್ನ ಬೆನ್ನ ಹಿಂದೆ ಒಳಗೆ ಹೋದಳು. ಅವಳ ಮುಖ ನೋಡಲಿಲ್ಲ. ಸಂತೋಷಪಡಬೇಕು ಎಂದು ಗೊತ್ತಿತ್ತು. ಕೈಯಲ್ಲಿದ್ದ ಕರಟವನ್ನು ಒಡೆದು ಮುಗಿಸಿದೆ, ಆಮೇಲೆ ಸೈಕಲ್ ಹತ್ತಿ ರೋಸಲಿನ್ ಮನೆಗೆ ಹೋದೆ. ಬೇರೆ ಯಾರ ಹತ್ತಿರ ಹೋಗುವುದು? ‘ಮಿಂದು ಬರ್ತೀನಿ, ನೀವು ಜೋಯಿಸರ ಹತ್ತಿರ ಹೋಗಿ’ ಎಂದಳು. ಬರುವುದಿಲ್ಲ ಎನ್ನಲಿಲ್ಲ.

ಏಳು ದಿನ ನಿನ್ನ ಕೋಣೆಯಲ್ಲಿ ಇದ್ದಳು. ನಾನು ನೋಡಬಾರದಷ್ಟೆ, ಕೆಮ್ಮು, ಬಳೆಯ ಸದ್ದು ಕೇಳುತ್ತಿತ್ತು. ಮೊದಲೆರಡು ದಿನ ರೋಸಲಿನ್ನೇ ಜೊತೆಗಿದ್ದು ಅಡುಗೆ ಮಾಡಿ ಹಾಕಿದಳು. ಮೂರನೇ ದಿನ ಕೇಗಲ್ಲದಿಂದ ನಿನ್ನ ಕರುಣಾವತಿ ಅಕ್ಕ ಬಂದರು. ಅಕ್ಕ ಬಂದದ್ದರಿಂದ ಎಲ್ಲ ಸರಿಯಾಗಿ ನಡೆಯಿತು, ಇಲ್ಲವೆನ್ನಲಾರೆ. ಏಳನೆಯ ದಿನ ಜೋಯಿಸರು ಹೇಳಿದ ಹೊತ್ತಿಗೆ, ಬೆಳಿಗ್ಗೆ ಆರೂ ಹನ್ನೆರಡಕ್ಕೆ, ರೋಸಲಿನ್ ಅವಳಿಗೆ ಹಲಸಿನ ಮರದ ಕೆಳಗೆ ನೀರು ಹೊಯ್ದು ಗಡಿಗೆ ಒಡೆದಳು. ಹಾಲನ್ನ, ಎಣ್ಣೆ ತಿಂಡಿ, ಬಾಳೆಹಣ್ಣು ಎಲ್ಲ ಇತ್ತು. ನೀನು ಹೋದ ವರ್ಷ ಕಳಿಸಿದ್ದ ಬಿಳಿ ಲೇಸಿನ ಬಟ್ಟೆಯಲ್ಲಿ ಅಕ್ಕ ಫ್ರಾಕು ಹೊಲಿಸಿ ತಂದಿದ್ದರು. ಅವಳು ವೀಳ್ಯದೆಲೆ ಹಿಡಿದು ಬಂದು ನನ್ನ ಕಾಲಿಗೆ ಬಿದ್ದಳು. ಏಳು ದಿನದಲ್ಲಿ ಉದ್ದವಾದಳೋ, ನನಗೆ ಹಾಗೆ ಕಂಡಿತೋ. ತಲೆ ಮುಟ್ಟಿ ಆಶೀರ್ವಾದ ಮಾಡಬೇಕಲ್ಲ. ಮಾಡಿದೆ. ನನ್ನ ಕಣ್ಣು ಮಾತ್ರ ಕಾಲರಿನ ಮೇಲೆ. ಎಡಗಡೆ ಕಾಲರು ಸರಿಯಾಗಿ ಇಸ್ತ್ರಿಯಾಗದೆ ಎದ್ದು ನಿಂತಿತ್ತು. ಅದನ್ನು ಬಿಟ್ಟರೆ ಬೇರೇನೂ ಹೊಳೆಯಲಿಲ್ಲ. ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ. ನಿನ್ನ ಜಾಗದಲ್ಲಿ ಅಕ್ಕ ನಿಂತು ವೀಳ್ಯ ತೆಗೆದುಕೊಂಡರು. ಇನೋಕಾ ಅಕ್ಕನ ಕಾಲಿಗೆ ಬಿದ್ದು ಏಳುವಾಗ ಸ್ವಲ್ಪ ತಡ ಮಾಡಿದಳು, ಅಳುತ್ತಿದ್ದಾಳೆ ಎಂದು ಎಲ್ಲರೂ ಅಂದುಕೊಂಡರು. ಅಳುತ್ತಿರಲಿಲ್ಲ.

ಮೈನೆರೆದಾಗ ತೊಟ್ಟಿದ್ದ ಬಟ್ಟೆ ಮೀಯಿಸಿದವಳಿಗೆ ಸೇರಬೇಕು, ನಿನಗೆ ಗೊತ್ತಿರುವುದೇ. ಅದು ಶಾಲೆಯ ಫ್ರಾಕು, ಹಿಂದಿನ ದಿನ ಭಾನುವಾರ ನಾನು ಇಸ್ತ್ರಿ ಹಾಕಿದ್ದು. ರೋಸಲಿನ್ ಅದನ್ನು ಇನೋಕಾಳ ಕಿವಿಯ ಓಲೆಯ ಜೊತೆ ಗಂಟು ಕಟ್ಟಿಕೊಂಡಳು. ಬೇಲಿಯವರೆಗೆ ಬಿಡಲು ಹೋದೆ. ‘ಇಷ್ಟು ಕಾಲದಲ್ಲಿ ಎಷ್ಟು ಮಕ್ಕಳ ಬಟ್ಟೆ ತಗೊಂಡೆನೋ ಮಹತ್ತಯಾ. ಎಲ್ಲಾ ತಾಯಂದಿರು ಇಸ್ತ್ರಿ ಮಾಡಿದ್ದು. ಇದನ್ನ ಬಿಚ್ಚೋಕೆ ಮನಸ್ಸು ಬರ್ತಿಲ್ಲ’ ಎಂದಳು. ನಾನು ತಲೆಯಾಡಿಸಿದೆ. ಒಳಗೆ ಬಂದು ನೆಂಟರು ಕುಡಿದಿಟ್ಟ ಲೋಟಗಳನ್ನು ತೊಳೆದೆ.

ಅದರ ಮುಂದಿನ ಭಾನುವಾರ ಎಂದಿನಂತೆ ಮೇಜು ಹಾಕಿ ಕಂಬಳಿ ಹಾಸಿದೆ. ಅಕ್ಕ ಇನ್ನೂ ಇದ್ದರು. ತಂತಿಯಿಂದ ಫ್ರಾಕು ತೆಗೆದದ್ದೇ, ಒಳಗಿನಿಂದ ಬಂದು ನನ್ನ ಕೈಯಿಂದ ತೆಗೆದುಕೊಂಡರು. ‘ತಮ್ಮಾ, ಇನ್ಮೇಲೆ ಅವಳ ಬಟ್ಟೆ ಮುಟ್ಟಬೇಡ. ಒಗೆಯೋದೂ ಬೇಡ, ಇಸ್ತ್ರಿನೂ ಬೇಡ. ಅವಳೇ ಮಾಡ್ಕೋತಾಳೆ. ಚೆನ್ನಾಗಿರಲ್ಲ’ ಎಂದರು. ನಾನು ಶಾಲೆಯ ಫ್ರಾಕು ತಾನೇ ಎಂದೆ. ‘ಶಾಲೆಯದ್ದಾದರೇನು, ಮನೆಯದ್ದಾದರೇನು? ಇದು ಜಗಲಿ, ಎದುರಿಗೆ ರಸ್ತೆ. ನೋಡೋರಿಗೆ ಕಣ್ಣಿಲ್ವಾ?’ ಎಂದರು. ಇನೋಕಾ ಮೆಟ್ಟಿಲ ಮೇಲೆ ಪುಸ್ತಕ ಹಿಡಿದುಕೊಂಡು ಕುಳಿತಿದ್ದಳು. ಪುಟ ತಿರುಗಿಸಲಿಲ್ಲ. ಕೆಂಡ ಹಾಕಿ ಆಗಿತ್ತು. ಸುಮ್ಮನೆ ಹೋಗುತ್ತದಲ್ಲ ಎಂದು ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದೆ, ಪೂರ್ತಿ ಅಂಗಿಗೆ, ಬೆನ್ನು, ತೋಳು, ಎಲ್ಲ. ಹೋಗಬೇಕಾದ ಸಾವು ಯಾವುದೂ ಇರಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಅಕ್ಕ ಉಳಿದದ್ದನ್ನು ಹೇಳಿದರು. ‘ನಿನ್ನ ಮೇಲೆ ನನಗೆ ಅನುಮಾನ ಇದೆ ಅಂತ ತಿಳ್ಕೋಬೇಡ ತಮ್ಮಾ. ನೀನು ಕುಡಿಯೋನಲ್ಲ, ಕೆಟ್ಟೋನಲ್ಲ. ಆದ್ರೆ ದೊಡ್ಡವಳಾದ ಹುಡುಗಿ, ತಾಯಿ ಸಮುದ್ರದಾಚೆ, ಅಜ್ಜಿ ಇಲ್ಲ, ಇರೋದು ಒಬ್ಬ ಗಂಡಸು. ನಾಳೆ ಅವಳ ಮದುವೆ ಮಾತು ಬಂದಾಗ ಜನ ಇದನ್ನೇ ಕೇಳ್ತಾರೆ. ನಮ್ಮನೇಲಿ ಮೂರು ಹೆಣ್ಮಕ್ಕಳಿದ್ದಾರೆ, ಅವರ ಜೊತೆ ಬೆಳೀತಾಳೆ.’ ಶಾಲೆಯ ರಜೆ ಶುರುವಾಗುವ ಭಾನುವಾರ, ಆಗಸ್ಟ್ ನಾಲ್ಕರಂದು, ಬಂದು ಕರೆದುಕೊಂಡು ಹೋಗುತ್ತಾರೆ. ಕೇಗಲ್ಲದ ಶಾಲೆಯಲ್ಲಿ ಮಾತಾಡಿ ಆಗಿದೆಯಂತೆ. ನಾನು ಸರಿ ಎಂದೆ. ಅನ್ನದ ಮೇಲೆ ತೆಂಗಿನಕಾಯಿ ಸಂಬೋಲ್ ಚಟ್ನಿ ಹಾಕಿಕೊಂಡು ಊಟ ಮುಗಿಸಿದೆ. ಯಾಕೆ ಸರಿ ಎಂದೆ ಎಂದು ಕೇಳಬೇಡ. ಅಕ್ಕ ಹೇಳಿದ ಆ ‘ಒಬ್ಬ ಗಂಡಸು’ ನಾನೇ ಎಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು. ತಿಳಿದ ಮೇಲೂ ಸಿಟ್ಟು ಬರಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೆ ಹೇಗೋ ಹಾಗೆ. ಅಕ್ಕ ಹೋಗುವಾಗ ಬೀರುವಿನಲ್ಲಿದ್ದ ಕರೆಂಟಿನ ಇಸ್ತ್ರಿಪೆಟ್ಟಿಗೆಯನ್ನು ಕೇಳಿ ತೆಗೆದುಕೊಂಡು ಹೋದರು. ಅವರ ಕಡೆ ವೋಲ್ಟೇಜು ಚೆನ್ನಾಗಿದೆಯಂತೆ. ನಿನಗೆ ಬೇಸರವಾಗದಿರಲಿ, ಇಲ್ಲಿ ಸುಮ್ಮನೆ ಇತ್ತು.

ಈಗ ಇನೋಕಾ ತನ್ನ ಬಟ್ಟೆಯನ್ನು ತಾನೇ ನೋಡಿಕೊಳ್ಳುತ್ತಾಳೆ. ಜಗಲಿಯಲ್ಲಿ ಅಲ್ಲ, ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು. ನಾನು ಕೆಂಡ ಮಾಡಿ ಪೆಟ್ಟಿಗೆಗೆ ತುಂಬಿ ಹೊಸ್ತಿಲಲ್ಲಿ ಇಟ್ಟು ಬರುತ್ತೇನೆ. ಪೆಟ್ಟಿಗೆ ಅವಳಿಗೆ ಭಾರ, ಎರಡೂ ಕೈಯಲ್ಲಿ ಎತ್ತಿ ಇಡುವ ಸದ್ದು ಕೇಳುತ್ತದೆ. ಮೊನ್ನೆ ಮೊಣಕೈ ಹತ್ತಿರ ಸುಟ್ಟುಕೊಂಡಿದ್ದಳು, ಎರಡು ಬೆರಳಿನಷ್ಟು. ನನಗೆ ಹೇಳಲಿಲ್ಲ, ನೀರು ಸೇದುವಾಗ ಕಂಡೆ. ಮಾತು ಕಡಿಮೆಯಾಗಿದೆ. ಅನ್ನ ಬಡಿಸುತ್ತಾಳೆ, ಶಾಲೆಗೆ ಹೋಗುತ್ತಾಳೆ, ಬರುತ್ತಾಳೆ. ಕೇಗಲ್ಲಕ್ಕೆ ಹೋಗುವ ಬಗ್ಗೆ ಇದುವರೆಗೆ ಹೌದು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಅಕ್ಕನ ಮನೆಯಲ್ಲಿ ಅವಳಿಗೆ ಕಡಿಮೆಯಾಗುವುದು ಏನೂ ಇಲ್ಲ. ಆಗಲಿ.

ನೀನು ಇದನ್ನು ಓದಿ ಅಳುತ್ತ ಕೂರಬೇಡ, ಮೇಡಂ ಬೈಯುತ್ತಾಳೆ. ಮಗಳು ಚೆನ್ನಾಗಿದ್ದಾಳೆ, ಜೋಯಿಸರು ಬರೆದುಕೊಟ್ಟ ಫಲವೂ ಒಳ್ಳೆಯದಿದೆ, ಅದರ ಪ್ರತಿ ಜೊತೆಗಿಟ್ಟಿದ್ದೇನೆ. ಮನೆಗೆ ಹೆಂಚು ಹೊದಿಸುವ ಕೆಲಸ ಅರ್ಧಕ್ಕೆ ನಿಂತಿದೆ, ಬಡಗಿ ಮುಂದಿನ ತಿಂಗಳು ಬರುತ್ತಾನೆ. ರೋಸಲಿನ್ ನಿನ್ನನ್ನು ಕೇಳಿದಳು ಎಂದು ಬರೆಯಲು ಹೇಳಿದ್ದಾಳೆ. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡು. ಬುದ್ಧ, ಧಮ್ಮ, ಸಂಘ ಮೂರೂ ನಿನ್ನನ್ನು ಆ ದೂರದ ಮನೆಯಲ್ಲಿ ಕಾಯಲಿ.

ನಿನ್ನ,
ಜಿನದಾಸ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಬಿಡಿಸಿ ಬರೆಯುತ್ತಿದ್ದೇನೆ. ಅಂಚೆ ಚೀಲ ಮೂರೂವರೆಗೆ ಹೊರಡುತ್ತದೆ, ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸು. ಇನೋಕಾ ಈಗ ಶಾಲೆಯಿಂದ ಬಂದಳು. ಲಕೋಟೆ ನೋಡಿ, ಚೀಲ ಕೂಡ ಇಳಿಸದೆ, ‘ಅಮ್ಮನಿಗೆ ಬರೆದ್ರಾ?’ ಎಂದಳು. ಹೌದು ಎಂದೆ. ‘ನಾನು ಹೋಗಲ್ಲ ಅಂತ ಬರೆದ್ರಾ?’ ಎಂದಳು. ನಾನು ಲಕೋಟೆಯ ಅಂಟು ಬಿಡಿಸತೊಡಗಿದೆ. ‘ನೀವು ಸರಿ ಅಂದ್ರಲ್ಲ, ಅದಕ್ಕೆ ನಾನು ಸುಮ್ಮನಿದ್ದೆ’ ಎಂದಳು. ಈಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅಳುತ್ತಿದ್ದಾಳೆ, ಇಲ್ಲಿಗೆ ಕೇಳುತ್ತಿದೆ. ಶ್ರಿಯಾ, ಮೇಲೆ ‘ಆಗಲಿ’ ಎಂದು ಬರೆದದ್ದನ್ನು ಹೊಡೆದುಹಾಕು. ನನಗೂ ಬೇಡ. ನಾನು ಹೇಳಿದರೆ ಅಕ್ಕ ಕೇಳುವುದಿಲ್ಲ, ನಾನು ಬೇಡ ಎಂದಷ್ಟೂ ಅವರಿಗೆ ಬೇರೆ ಏನೋ ಇದೆ ಅನಿಸುತ್ತದೆ. ತಾಯಿ ಹೇಳಿದರೆ ಕೇಳಲೇಬೇಕು. ಈ ಪತ್ರ ಮುಟ್ಟಲು ಹನ್ನೆರಡು ದಿನ, ಬರಲು ಹನ್ನೆರಡು ದಿನ. ಓದಿದ ದಿನವೇ ಬರೆದರೆ ನಾಲ್ಕನೇ ತಾರೀಕಿನ ಒಳಗೆ ಸಿಗುತ್ತದೆ. ನನಗೆ ಬರೆಯಬೇಡ, ಅಕ್ಕನ ಹೆಸರಿಗೆ, ಕೇಗಲ್ಲದ ವಿಳಾಸಕ್ಕೆ ಬರೆ. ಮಗಳು ಅವಳ ಅಪ್ಪನ ಮನೆಯಲ್ಲೇ ಇರಲಿ, ನನಗೆ ಆ ಮನುಷ್ಯ ಗೊತ್ತು, ಎಂದು ಬರೆ. ಅಷ್ಟು ಸಾಕು.